ಮನೆ ಕಾಯೋಣ, ಮನೆ ನಮ್ಮನ್ನು ಕಾಯುತ್ತದೆ



ನಾವು ದಿನಾ ಕಸ ಗುಡಿಸುತ್ತೇವೆ. ಪಾತ್ರೆ ತೊಳೆಯುತ್ತೇವೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತೇವೆ. ಹಬ್ಬ ಬಂದರೆ ಸುಣ್ಣ ಬಳಿಯುತ್ತೇವೆ. ನಮ್ಮ ಮನೆ ಚೊಕ್ಕಟವಾಗಿದೆ ಅಂತ ನಮಗೆ ನಂಬಿಕೆ.

ಹಾಗಾದರೆ ಮನೆಯಲ್ಲಿ ಜ್ವರ ಯಾಕೆ ಬರುತ್ತದೆ? ಒಲೆ ಮುಂದೆ ಕೂತರೆ ಕೆಮ್ಮು ಯಾಕೆ ಬರುತ್ತದೆ? ಬಟ್ಟೆ ಒಣಗಿಸಲು ಹೋದವರಿಗೆ ಕರೆಂಟು ಯಾಕೆ ಹೊಡೆಯುತ್ತದೆ?

ಕಣ್ಣಿಗೆ ಕಾಣುವ ಕಸ ಬೇರೆ. ಕಾಣದೆ ಕೂತಿರುವ ಅಪಾಯ ಬೇರೆ. ಕಸಕ್ಕೆ ಪೊರಕೆ ಸಾಕು. ಅಪಾಯಕ್ಕೆ ಪೊರಕೆ ಸಾಲದು. ಅದನ್ನು ಹುಡುಕಿ ನೋಡಬೇಕು. ಇವತ್ತು ಆ ವಿಷಯ ಓದೋಣ.

ಡ್ರಮ್ಮಿನ ಒಳಗೆ ಏನಿತ್ತು?

ನಮ್ಮ ಜೊತೆ ಓದಲು ಬರುವ ಒಬ್ಬ ಅಕ್ಕ ಇದ್ದಾರೆ. ಅವರ ಮನೆ ಬಹಳ ಶುದ್ಧ. ನೆಲ ನೋಡಿದರೆ ಮುಖ ಕಾಣಬೇಕು, ಹಾಗೆ ಒರೆಸುತ್ತಾರೆ. ಒಂದು ಮಳೆಗಾಲದಲ್ಲಿ ಅವರ ಮಗಳಿಗೆ ಜ್ವರ ಬಂತು. ತಲೆನೋವು. ಕಣ್ಣಿನ ಹಿಂದೆ ನೋವು. ಕೈಕಾಲು ಮುರಿದ ಹಾಗೆ ನೋವು. ನಾಲ್ಕನೇ ದಿನ ಜ್ವರ ಇಳಿಯಿತು. ವಾಸಿಯಾಯಿತು ಅಂತ ಎಲ್ಲರೂ ಅಂದುಕೊಂಡರು. ಆದರೆ ಮಗುವಿಗೆ ಹೊಟ್ಟೆನೋವು ಶುರುವಾಯಿತು. ವಾಂತಿ ನಿಲ್ಲಲಿಲ್ಲ. ಒಸಡಿನಲ್ಲಿ ರಕ್ತ ಬಂತು. ಆಸ್ಪತ್ರೆಗೆ ಓಡಿದರು. ಅದು ಡೆಂಗಿ ಜ್ವರ.

ಮಗು ಉಳಿಯಿತು. ಆದರೆ ಎಂಟು ದಿನ ಆಸ್ಪತ್ರೆ. ಎಂಟು ದಿನ ಕೂಲಿ ಇಲ್ಲ. ಕೈಸಾಲ ಬೇರೆ.

ಆಮೇಲೆ ಆಶಾ ಕಾರ್ಯಕರ್ತೆ ಅವರ ಮನೆಗೆ ಬಂದರು. ನೇರ ಬಚ್ಚಲ ಹತ್ತಿರ ಹೋದರು. ನೀರಿನ ಡ್ರಮ್ಮಿನ ಮೇಲೆ ಒಂದು ಮುರಿದ ತಟ್ಟೆ ಮುಚ್ಚಿತ್ತು. ತಟ್ಟೆ ಸರಿಸಿ ಬ್ಯಾಟರಿ ಬಿಟ್ಟರು.

"ಇಲ್ಲಿ ನೋಡಿ ಅಕ್ಕ" ಅಂದರು.

ನೀರು ತಿಳಿಯಾಗಿತ್ತು. ಅದರಲ್ಲಿ ಸಣ್ಣ ಹುಳಗಳು ಕುಣಿಯುತ್ತಿದ್ದವು. ಅವೇ ಸೊಳ್ಳೆ ಮರಿಗಳು.

"ಅಯ್ಯೋ, ನಮ್ಮ ನೀರು ಇಷ್ಟು ಚೆನ್ನಾಗಿದೆಯಲ್ಲ! ಸೊಳ್ಳೆ ಚರಂಡಿಯಲ್ಲಿ ಅಲ್ವಾ ಹುಟ್ಟೋದು?" ಅಂತ ನಮ್ಮ ಅಕ್ಕ ಕೇಳಿದರು.

ನಾವೆಲ್ಲ ಹಾಗೆಯೇ ತಿಳಿದಿದ್ದೆವು. ಅದು ಅರ್ಧ ನಿಜ. ಚರಂಡಿಯ ಕೊಳೆ ನೀರಿನಲ್ಲಿ ಹುಟ್ಟುವ ಸೊಳ್ಳೆ ಬೇರೆ. ಡೆಂಗಿ ತರುವ ಸೊಳ್ಳೆ ಬೇರೆ. ಅದಕ್ಕೆ ತಿಳಿ ನೀರೇ ಬೇಕು. ನಾವು ಹಿಡಿದಿಟ್ಟ ನೀರೇ ಅದರ ತವರುಮನೆ. ಅದರ ಮೈ ಮೇಲೆ ಬಿಳಿ ಪಟ್ಟೆಗಳಿರುತ್ತವೆ. ಅದು ಹಗಲು ಹೊತ್ತು ಕಚ್ಚುತ್ತದೆ. ಬೆಳಗ್ಗೆ ಮತ್ತು ಸಂಜೆಗೆ ಮುಂಚೆ ಹೆಚ್ಚು. ಚಿಕೂನ್‌ಗುನ್ಯಾ ಜ್ವರವನ್ನು ಹರಡುವುದೂ ಇದೇ ಸೊಳ್ಳೆ.

ವಾರಕ್ಕೊಂದು ಒಣ ದಿನ

ಸೊಳ್ಳೆ ಮೊಟ್ಟೆ ಇಟ್ಟು, ಮರಿಯಾಗಿ, ರೆಕ್ಕೆ ಬಂದು ಹಾರಲು ಸುಮಾರು 7ರಿಂದ 10 ದಿನ ಬೇಕು. ಹಾಗಾದರೆ ನಾವು ಏನು ಮಾಡಬೇಕು? ಏಳು ದಿನಕ್ಕೆ ಮುಂಚೆ ನೀರು ಖಾಲಿ ಮಾಡಬೇಕು. ಮರಿಗೆ ರೆಕ್ಕೆ ಬರುವುದೇ ಇಲ್ಲ.

ಆದರೆ ನೀರು ಚೆಲ್ಲಿದರೆ ಮಾತ್ರ ಸಾಲದು. ಈ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಅಂಚಿನಲ್ಲಿ, ಪಾತ್ರೆಯ ಗೋಡೆಗೆ ಅಂಟಿಸಿ. ನೀರು ಒಣಗಿದರೂ ಮೊಟ್ಟೆ ಸಾಯುವುದಿಲ್ಲ. ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಮತ್ತೆ ನೀರು ತುಂಬಿದ ಕೂಡಲೇ ಮರಿ ಹೊರಗೆ ಬರುತ್ತದೆ. ಅದಕ್ಕೇ ಡ್ರಮ್ಮಿನ ಒಳಗೋಡೆಯನ್ನು ತೆಂಗಿನ ನಾರಿನಿಂದ ಗಸಗಸ ಉಜ್ಜಬೇಕು. ತೊಳೆದ ನೀರನ್ನು ಚರಂಡಿಗೆ ಚೆಲ್ಲಬಾರದು. ಒಣ ನೆಲದ ಮೇಲೆ, ಬಿಸಿಲಿಗೆ ಚೆಲ್ಲಬೇಕು. ಆಮೇಲೆ ಡ್ರಮ್ಮನ್ನು ಬೋರಲು ಹಾಕಿ ಒಣಗಿಸಬೇಕು.

ಇದಕ್ಕೆ ವಾರದಲ್ಲಿ ಒಂದು ದಿನ ಗೊತ್ತು ಮಾಡಿಕೊಳ್ಳೋಣ. ನಮ್ಮಲ್ಲಿ ಬಹಳ ಮನೆಗಳಲ್ಲಿ ಶುಕ್ರವಾರ ಮನೆ ತೊಳೆಯುತ್ತಾರೆ. ಅದೇ ದಿನ ಡ್ರಮ್ಮನ್ನೂ ತೊಳೆಯಬಹುದು. ಹೊಸ ಕೆಲಸ ಅಂತ ಅನಿಸುವುದಿಲ್ಲ.

"ನಲ್ಲಿ ನೀರು ಬರೋದೇ ವಾರಕ್ಕೊಂದು ಸಲ. ನೀರು ಚೆಲ್ಲಿ ನಾವು ಏನು ಕುಡಿಯೋಣ?" ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ನೀರು ಹಿಡಿದಿಡಬೇಡಿ ಅಂತ ಹೇಳುವುದು ಸುಲಭ. ನೀರು ಇಲ್ಲದ ಊರಿನಲ್ಲಿ ಅದು ಆಗದ ಮಾತು. ಅದಕ್ಕೆ ಮೂರು ದಾರಿ ಇವೆ.

ಒಂದು: ನೀರು ಬರುವ ದಿನವೇ ಒಣ ದಿನ ಮಾಡಿ. ಹಳೇ ನೀರನ್ನು ಬಟ್ಟೆ ಒಗೆಯಲು ಬಳಸಿ. ಡ್ರಮ್ಮು ಉಜ್ಜಿ, ಹೊಸ ನೀರು ತುಂಬಿ.

ಎರಡು: ಡ್ರಮ್ಮಿನ ಬಾಯಿಗೆ ಹಳೇ ಪಂಚೆ ಅಥವಾ ಸೀರೆ ತುಂಡನ್ನು ಬಿಗಿಯಾಗಿ ಕಟ್ಟಿ. ತಟ್ಟೆ ಮುಚ್ಚಿದರೆ ಸಂದಿ ಉಳಿಯುತ್ತದೆ. ಸೊಳ್ಳೆಗೆ ಆ ಸಂದಿಯೇ ಬಾಗಿಲು.

ಮೂರು: ದೊಡ್ಡ ತೊಟ್ಟಿ ಇದ್ದರೆ ಆಶಾ ಕಾರ್ಯಕರ್ತೆಗೆ ಹೇಳಿ. ಗಪ್ಪಿ ಮೀನು ಬಿಡಿಸಿ. ಆ ಮೀನು ಸೊಳ್ಳೆ ಮರಿಯನ್ನು ತಿನ್ನುತ್ತದೆ.

ಡ್ರಮ್ಮು ಒಂದೇ ಅಲ್ಲ. ಅಂಗಳ ಸುತ್ತಿ ನೋಡಿ. ಹಳೇ ಟೈರು, ತೆಂಗಿನ ಚಿಪ್ಪು, ಒಡೆದ ಕೊಡ, ಮೂಲೆಗೆ ಬಿದ್ದ ಒರಳು ಕಲ್ಲು, ಹೂಕುಂಡದ ಕೆಳಗಿನ ತಟ್ಟೆ. ಫ್ರಿಜ್ಜು ಇದ್ದರೆ ಅದರ ಹಿಂದೆ ನೀರು ಸೇರುವ ತಟ್ಟೆ. ಇವುಗಳಲ್ಲಿ ಒಂದು ಲೋಟ ನೀರು ನಿಂತರೂ ಸೊಳ್ಳೆಗೆ ಸಾಕು.

ಇದು ಬರೀ ನಮ್ಮ ಮನೆಯ ಮಾತಲ್ಲ. ನಮ್ಮ ಮನೆಯ ಸೊಳ್ಳೆ ಪಕ್ಕದ ಮನೆಯ ಮಗುವನ್ನೂ ಕಚ್ಚುತ್ತದೆ. ಅದಕ್ಕೇ 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಸಾರಿತು. ಮನೆಯಲ್ಲಿ ಸೊಳ್ಳೆ ಬೆಳೆಯಲು ಬಿಟ್ಟರೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡ ಅಂತ ನಿಯಮ ಮಾಡಿತು.

ಜ್ವರ ಬಂದರೆ ಅಂಗಡಿಯ ನೋವಿನ ಮಾತ್ರೆ ತಂದು ನುಂಗಬೇಡಿ. ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳಿಂದ ಡೆಂಗಿ ಇರುವವರಿಗೆ ರಕ್ತಸ್ರಾವ ಹೆಚ್ಚಬಹುದು. ರಕ್ತ ಪರೀಕ್ಷೆ ಮಾಡಿಸಿ. ನೀರು, ಗಂಜಿ, ಎಳನೀರು ಕುಡಿಸಿ. ಜ್ವರ ಇಳಿದ ಮೇಲೆ ಹೊಟ್ಟೆನೋವು, ವಾಂತಿ, ರಕ್ತ, ತೀರಾ ಸುಸ್ತು ಕಂಡರೆ ತಡ ಮಾಡಬೇಡಿ. ಆಸ್ಪತ್ರೆಗೆ ಹೋಗಿ.

ಬೆಂಗಳೂರಿನ ಒಂದು ತೊಟ್ಟಿಯ ಕಥೆ

ಇದು ನಡೆದ ಕಥೆ. 1883ನೇ ಇಸವಿ. ಬೆಂಗಳೂರಿನ ದಂಡಿನಲ್ಲಿ ರೊನಾಲ್ಡ್ ರಾಸ್ ಎಂಬ ತರುಣ ವೈದ್ಯರಿದ್ದರು. ಅವರ ಮನೆಯಲ್ಲಿ ವಿಪರೀತ ಸೊಳ್ಳೆ. ಯಾಕೆ ಅಂತ ಅವರು ಹುಡುಕಿದರು. ಕಿಟಕಿಯ ಹೊರಗೆ ಒಂದು ನೀರಿನ ತೊಟ್ಟಿ ಇತ್ತು. ಅದರ ತುಂಬ ಸೊಳ್ಳೆ ಮರಿ. ಅವರು ತೊಟ್ಟಿಯನ್ನು ಬೋರಲು ಹಾಕಿಸಿದರು. ಸೊಳ್ಳೆ ಕಾಟ ಕಡಿಮೆಯಾಯಿತು.

ಮುಂದೆ 1897ರಲ್ಲಿ ಇದೇ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ರೋಗದ ಜೀವಿಯನ್ನು ಕಂಡರು. 1902ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ದೊಡ್ಡ ವಿಜ್ಞಾನಿ ಅಂದು ಮಾಡಿದ ಕೆಲಸವನ್ನು ನಾವು ಶುಕ್ರವಾರ ನಮ್ಮ ಹಿತ್ತಲಿನಲ್ಲಿ ಮಾಡಬಹುದು. ತೊಟ್ಟಿ ಬೋರಲು ಹಾಕಲು ಪದವಿ ಬೇಡ.

ಕುಡಿಯುವ ನೀರು

ನಮ್ಮಲ್ಲಿ ವಯಸ್ಸಾದವರಿಗೆ ನಾರು ಹುಣ್ಣು ಗೊತ್ತು. ಕಾಲಿನಿಂದ ಉದ್ದನೆಯ ದಾರದಂಥ ಹುಳ ಹೊರಗೆ ಬರುತ್ತಿತ್ತು. ತಿಂಗಳುಗಟ್ಟಲೆ ನಡೆಯಲು ಆಗುತ್ತಿರಲಿಲ್ಲ. ಕರ್ನಾಟಕದ ಹಳ್ಳಿಗಳಲ್ಲೂ ಇದು ಇತ್ತು. ಇದಕ್ಕೆ ಲಸಿಕೆ ಇರಲಿಲ್ಲ. ಗುಣ ಮಾಡುವ ಮಾತ್ರೆಯೂ ಇರಲಿಲ್ಲ. ಹಾಗಿದ್ದರೂ ಅದು ಹೋಯಿತು. 1996ರಲ್ಲಿ ನಮ್ಮ ದೇಶದ ಕೊನೆಯ ರೋಗಿ ಕಂಡದ್ದು. 2000ನೇ ಇಸವಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ಈ ರೋಗದಿಂದ ಮುಕ್ತ ಅಂತ ಹೇಳಿತು.

ಹೇಗೆ ಹೋಯಿತು? ಜನ ಬಟ್ಟೆಯಲ್ಲಿ ನೀರು ಸೋಸಿ ಕುಡಿದರು. ಮೆಟ್ಟಿಲು ಬಾವಿಗೆ ಕಾಲಿಟ್ಟು ಇಳಿಯುವುದನ್ನು ಬಿಟ್ಟರು. ಬೋರ್‌ವೆಲ್ ಬಂತು. ಕೆಲಸಗಾರರು ಮನೆಮನೆಗೆ ಹೋಗಿ ತಿಳಿಹೇಳಿದರು. ನೀರು ಸೋಸಿದವರು ಯಾರು? ಬಹುಪಾಲು ನಮ್ಮಂಥ ಹೆಂಗಸರೇ. ದಿನಾ ಮಾಡುವ ಸಣ್ಣ ಕೆಲಸ ಒಂದು ದೊಡ್ಡ ರೋಗವನ್ನೇ ಓಡಿಸಿತು.

ಆದರೆ ಸೋಸಿದರೆ ಎಲ್ಲ ರೋಗವೂ ಹೋಗುವುದಿಲ್ಲ. ವಾಂತಿ ಭೇದಿ, ಕಾಮಾಲೆ ತರುವ ಜೀವಿಗಳು ತೀರಾ ಸಣ್ಣವು. ಬಟ್ಟೆಯಲ್ಲಿ ನುಸುಳಿ ಹೋಗುತ್ತವೆ. ಅದಕ್ಕೆ ನೀರನ್ನು ಕುದಿಸಬೇಕು. ಬೆಚ್ಚಗಾದರೆ ಸಾಲದು. ಗುಳ್ಳೆ ಎದ್ದು ಕೊತಕೊತ ಕುದಿಯಬೇಕು. ಒಂದು ನಿಮಿಷ ಹಾಗೆ ಕುದಿದರೆ ಸಾಕು.

ಕುದಿಸಿ ಆರಿಸಿದ ನೀರನ್ನು ಮುಚ್ಚಳ ಇರುವ ಪಾತ್ರೆಯಲ್ಲಿ ಇಡಿ. ಲೋಟ ಅದ್ದಿ ನೀರು ತೆಗೆಯಬೇಡಿ. ಬೆರಳು ನೀರಿಗೆ ತಾಗುತ್ತದೆ. ಬೆರಳಿನ ಕೊಳೆ ಕೊಡಕ್ಕೆ ಸೇರುತ್ತದೆ. ಉದ್ದ ಹಿಡಿಯ ಸೌಟು ಇಡಿ. ಇಲ್ಲದಿದ್ದರೆ ನಲ್ಲಿ ಇರುವ ಪಾತ್ರೆ ತನ್ನಿ. ಕೊಡವನ್ನು ದಿನಾ ತಿಕ್ಕಿ ತೊಳೆಯಿರಿ. ಒಳಗೆ ಕೈಯಾಡಿಸಿ ನೋಡಿ. ಜಾರಿದರೆ ಪಾಚಿ ಕಟ್ಟಿದೆ ಅಂತ ಅರ್ಥ.

ಒಲೆಯ ಹೊಗೆ

ಅನೇಕ ಮನೆಗಳಿಗೆ ಈಗ ಗ್ಯಾಸು ಬಂದಿದೆ. ಆದರೂ ಸ್ನಾನದ ನೀರಿಗೆ ಸೌದೆ ಒಲೆ. ಮುದ್ದೆಗೆ, ರೊಟ್ಟಿಗೆ ಸೌದೆ ಒಲೆ. ಸಿಲಿಂಡರಿಗೆ ದುಡ್ಡಿಲ್ಲದ ತಿಂಗಳು ಎಲ್ಲದಕ್ಕೂ ಸೌದೆ ಒಲೆ.

ಸೌದೆ ಹೊಗೆ ಬರೀ ಕಣ್ಣುರಿ ಅಲ್ಲ. ಅದು ಶ್ವಾಸಕೋಶವನ್ನು ಹಾಳುಮಾಡುತ್ತದೆ. ತಾಯಿಯ ಸೊಂಟದ ಮೇಲೆ ಕೂತ ಮಗುವಿಗೂ ನ್ಯುಮೋನಿಯಾ ಬರಬಹುದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ವಿಭಾಗ ಶುರುವಾಯಿತು. ಹಳ್ಳಿಗೆ ಬೇಕಾದ ವಿಜ್ಞಾನ ಬೆಳೆಸುವುದು ಅದರ ಕೆಲಸ. ಅವರು ರೂಪಿಸಿದ ಹೊಗೆ ಕೊಳವೆಯ ಒಲೆಯೇ ಅಸ್ತ್ರ ಒಲೆ. ಅದಕ್ಕೆ ಸೌದೆ ಕಡಿಮೆ ಸಾಕು. ಹೊಗೆ ಕೊಳವೆಯಲ್ಲಿ ಮೇಲೆ ಹೋಗುತ್ತದೆ. ನಮ್ಮ ನಾಡಿನ ಎಷ್ಟೋ ಅಡಿಗೆ ಮನೆಗಳಿಗೆ ಅದು ಬಂತು.

ಆದರೆ ಹೊಗೆ ಕೊಳವೆಯ ಯಾವ ಒಲೆಗೂ ಆರೈಕೆ ಬೇಕು. ಕೊಳವೆಯಲ್ಲಿ ಮಸಿ ಕಟ್ಟುತ್ತದೆ. ಗುಡಿಸದಿದ್ದರೆ ಹೊಗೆ ವಾಪಸ್ಸು ಮನೆಯೊಳಗೇ ತಿರುಗುತ್ತದೆ. ತಿಂಗಳಿಗೊಮ್ಮೆ ಒಲೆ ಆರಿಸಿದ ಮೇಲೆ ಮಸಿ ತೆಗೆಯಬೇಕು. ಬೂದಿಯನ್ನು ದಿನಾ ತೆಗೆಯಬೇಕು. ಹಸಿ ಸೌದೆ ಉರಿಸಬಾರದು. ಒಣ ಸೌದೆಯಾದರೆ ಹೊಗೆ ಕಡಿಮೆ. ಅಡಿಗೆ ಮಾಡುವಾಗ ಕಿಟಕಿ, ಬಾಗಿಲು ತೆರೆದಿರಲಿ.

ಒಂದು ಮುಖ್ಯ ಮಾತು. ಬಾಣಂತಿ ಕೋಣೆಗೆ ನಾವು ಕೆಂಡ ಇಡುತ್ತೇವೆ. ಸಾಂಬ್ರಾಣಿ ಹೊಗೆ ಹಾಕುತ್ತೇವೆ. ಗಾಳಿ ತಾಗಬಾರದು ಅಂತ ಬಾಗಿಲು ಕಿಟಕಿ ಮುಚ್ಚುತ್ತೇವೆ. ಇದು ಬಹಳ ಅಪಾಯ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ವಿಷದ ಗಾಳಿ ಹುಟ್ಟುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆಸುತ್ತು ಬರುತ್ತದೆ. ನಿದ್ದೆ ಬಂದ ಹಾಗಾಗುತ್ತದೆ. ನಿದ್ದೆಯಲ್ಲೇ ಜೀವ ಹೋಗಬಹುದು. ತಾಯಿ ಮಗುವಿಗೆ ಬಿಸುಪು ಬೇಕಾದರೆ ಕಂಬಳಿ ಹೊದಿಸಿ. ಮಲಗುವ ಕೋಣೆಗೆ ಕೆಂಡ ಬೇಡ.

ಗ್ಯಾಸು: ಓದು ಕಲಿತ ನಾವು ಓದಬೇಕಾದ್ದು

ಅಕ್ಷರ ಕಲಿತು ಏನು ಮಾಡೋದು ಅಂತ ಕೆಲವರು ಕೇಳುತ್ತಾರೆ. ಸಿಲಿಂಡರು ಮನೆಗೆ ಬಂದಾಗ ಓದೋಣ.

ಸಿಲಿಂಡರಿನ ಮೇಲೆ ಹಿಡಿಯುವ ಬಳೆ ಇರುತ್ತದೆ. ಬಳೆಯ ಕೆಳಗೆ ಮೂರು ಪಟ್ಟಿಗಳು. ಒಂದು ಪಟ್ಟಿಯ ಒಳಭಾಗದಲ್ಲಿ ಒಂದು ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಎರಡು ಅಂಕಿ ಬರೆದಿರುತ್ತದೆ. ಅದು ಸಿಲಿಂಡರನ್ನು ಮತ್ತೆ ಪರೀಕ್ಷೆ ಮಾಡಿಸಬೇಕಾದ ಗಡುವು.

ಎ ಅಂದರೆ ಜನವರಿಯಿಂದ ಮಾರ್ಚ್.
ಬಿ ಅಂದರೆ ಏಪ್ರಿಲ್‌ನಿಂದ ಜೂನ್.
ಸಿ ಅಂದರೆ ಜುಲೈನಿಂದ ಸೆಪ್ಟೆಂಬರ್.
ಡಿ ಅಂದರೆ ಅಕ್ಟೋಬರ್‌ನಿಂದ ಡಿಸೆಂಬರ್.

ಪಕ್ಕದ ಅಂಕಿ ಇಸವಿ. 'ಬಿ 29' ಅಂತ ಇದ್ದರೆ 2029ರ ಜೂನ್‌ವರೆಗೆ ಗಡುವು. ಗಡುವು ಮುಗಿದ ಸಿಲಿಂಡರು ತಂದರೆ ಬೇಡ ಅನ್ನಿ. ಬೇರೆ ಕೇಳಿ. ಕೇಳುವುದು ನಮ್ಮ ಹಕ್ಕು.

ಗ್ಯಾಸಿನ ಟ್ಯೂಬನ್ನೂ ನೋಡಿ. ಐಎಸ್‌ಐ ಗುರುತು ಇರಬೇಕು. ಅದರ ಮೇಲೆ ತಯಾರಾದ ಇಸವಿ ಇರುತ್ತದೆ. ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಬಿರುಕು ಬಿಟ್ಟರೆ ಅದಕ್ಕೂ ಮುಂಚೆಯೇ ಬದಲಾಯಿಸಬೇಕು. ಇಲಿ ಕಡಿದಿದೆಯೇ ಅಂತ ವಾರಕ್ಕೊಮ್ಮೆ ಕೈಯಾಡಿಸಿ ನೋಡಿ. ಟ್ಯೂಬಿನ ಮೇಲೆ ಬಟ್ಟೆ ಸುತ್ತಬೇಡಿ. ಸುತ್ತಿದರೆ ಬಿರುಕು ಕಾಣುವುದಿಲ್ಲ.

ಸಿಲಿಂಡರನ್ನು ನಿಲ್ಲಿಸಿಯೇ ಇಡಬೇಕು. ಮಲಗಿಸಬಾರದು. ಒಲೆ ಸಿಲಿಂಡರಿಗಿಂತ ಎತ್ತರದಲ್ಲಿರಲಿ. ರಾತ್ರಿ ಮಲಗುವಾಗ ರೆಗ್ಯುಲೇಟರ್ ಮುಚ್ಚಿ.

ಗ್ಯಾಸು ಸೋರುತ್ತಿದೆಯೇ ಅಂತ ಅನುಮಾನವೇ? ಬೆಂಕಿಕಡ್ಡಿ ಗೀರಿ ನೋಡಬೇಡಿ. ಸೋಪಿನ ನೊರೆ ಹಚ್ಚಿ ನೋಡಿ. ಗುಳ್ಳೆ ಎದ್ದರೆ ಸೋರುತ್ತಿದೆ ಅಂತ ಅರ್ಥ.

ವಾಸನೆ ಜೋರಾಗಿ ಬಂದರೆ ಏನು ಮಾಡಬೇಕು? ಗ್ಯಾಸು ಗಾಳಿಗಿಂತ ಭಾರ. ಅದು ನೆಲದ ಮೇಲೆ ನೀರಿನಂತೆ ಹರಡಿ ನಿಲ್ಲುತ್ತದೆ. ಒಂದು ಕಿಡಿ ಸಾಕು. ಲೈಟಿನ ಸ್ವಿಚ್ಚು ಒತ್ತಿದರೂ ಕಿಡಿ ಬರುತ್ತದೆ. ಅದಕ್ಕೇ ಯಾವ ಸ್ವಿಚ್ಚನ್ನೂ ಹಾಕಬಾರದು, ಆರಿಸಲೂಬಾರದು. ದೇವರ ದೀಪ ಉರಿಯುತ್ತಿದ್ದರೆ ಆರಿಸಿ. ರೆಗ್ಯುಲೇಟರ್ ಮುಚ್ಚಿ. ಬಾಗಿಲು ಕಿಟಕಿ ತೆರೆಯಿರಿ. ಮಕ್ಕಳನ್ನು ಕರೆದುಕೊಂಡು ಹೊರಗೆ ಬನ್ನಿ. ಹೊರಗೆ ಬಂದ ಮೇಲೆ 1906ಕ್ಕೆ ಫೋನು ಮಾಡಿ. ಇದು ಗ್ಯಾಸು ಸೋರಿಕೆಗೆ ಇರುವ ತುರ್ತು ನಂಬರು. ಹಗಲೂ ರಾತ್ರಿಯೂ ಇರುತ್ತದೆ.

ಮೈ ಸುಟ್ಟರೆ ಶಾಯಿ, ಪೇಸ್ಟು, ಹಿಟ್ಟು ಹಚ್ಚಬೇಡಿ. ತಣ್ಣೀರನ್ನು ಇಪ್ಪತ್ತು ನಿಮಿಷ ಬಿಡದೆ ಹರಿಸಿ. ಶುದ್ಧ ಬಟ್ಟೆ ಹೊದಿಸಿ ಆಸ್ಪತ್ರೆಗೆ ಹೋಗಿ.

ಕರೆಂಟು

ಬಟ್ಟೆ ಒಣಗಿಸಲು ನಾವು ಏನು ಕಟ್ಟುತ್ತೇವೆ? ಕಬ್ಬಿಣದ ತಂತಿ. ಎಲ್ಲಿಗೆ ಕಟ್ಟುತ್ತೇವೆ? ಕೆಲವು ಸಲ ಕರೆಂಟು ಕಂಬಕ್ಕೆ. ಕೆಲವು ಸಲ ಮನೆಗೆ ಕರೆಂಟು ಬರುವ ಪೈಪಿಗೆ. ವೈರಿನ ಸಿಪ್ಪೆ ಕಿತ್ತುಬಂದರೆ ಆ ತಂತಿಯಲ್ಲೇ ಕರೆಂಟು ಹರಿಯುತ್ತದೆ. ಒದ್ದೆ ಬಟ್ಟೆ, ಒದ್ದೆ ಕೈ, ಒದ್ದೆ ನೆಲ. ಮುಟ್ಟಿದವರು ಬದುಕುವುದು ಕಷ್ಟ. ಅವರನ್ನು ಬಿಡಿಸಲು ಹೋದವರೂ ಉಳಿಯುವುದಿಲ್ಲ. ಒಂದೇ ಮನೆಯ ಇಬ್ಬರು ಮೂವರು ಹೀಗೆ ಸತ್ತದ್ದನ್ನು ನಾವು ಕೇಳಿದ್ದೇವೆ.

ಇದನ್ನು ತಡೆಯುವುದು ಹೇಗೆ? ಇವತ್ತೇ ಆ ತಂತಿ ಬಿಚ್ಚಿ. ಬಿಚ್ಚುವ ಮುಂಚೆ ಮೇನ್ ಸ್ವಿಚ್ಚು ಆರಿಸಿ. ತಂತಿ ಕರೆಂಟು ಕಂಬಕ್ಕೆ ಕಟ್ಟಿದ್ದರೆ ನೀವು ಮುಟ್ಟಬೇಡಿ, ಲೈನ್‌ಮನ್‌ಗೆ ಹೇಳಿ. ಆಮೇಲೆ ನೈಲಾನ್ ಹಗ್ಗ ತಂದು ಮರಕ್ಕೋ ಗೂಟಕ್ಕೋ ಕಟ್ಟಿ. ಖರ್ಚು ಕಡಿಮೆ, ಉಳಿಯುವುದು ಜೀವ.

ನೀರು ಕಾಯಿಸುವ ಕಾಯಿಲಿನ ವಿಷಯವೂ ಹಾಗೇ. ಬಿಸಿ ಆಯಿತಾ ಅಂತ ನೀರಿಗೆ ಬೆರಳು ಅದ್ದಬೇಡಿ. ಮೊದಲು ಸ್ವಿಚ್ಚು ಆರಿಸಿ. ಪ್ಲಗ್ಗು ಕಿತ್ತಿಡಿ. ಆಮೇಲೆ ಮುಟ್ಟಿ. ಮಕ್ಕಳು ಓಡಾಡುವ ಕಡೆ ಕಾಯಿಲು ಇಡಬೇಡಿ.

ತಿಂಗಳಿಗೊಮ್ಮೆ ಮನೆಯ ವೈರು ನೋಡಿ. ಸಿಪ್ಪೆ ಕಿತ್ತಿದೆಯಾ? ಸ್ವಿಚ್ಚು ಒಡೆದಿದೆಯಾ? ಗೋಡೆ ಒದ್ದೆಯಾಗಿ ಮುಟ್ಟಿದರೆ ಜುಂ ಅನ್ನುತ್ತದೆಯಾ? ಹಾಗಿದ್ದರೆ ಮೇನ್ ಆರಿಸಿ, ಕೆಲಸ ಬಲ್ಲವರನ್ನು ಕರೆಯಿರಿ. ಫ್ಯೂಜು ಹೋದರೆ ದಪ್ಪ ತಂತಿ ಹಾಕಬೇಡಿ. ಫ್ಯೂಜು ಅಂದರೆ ಮನೆಯ ಕಾವಲು ನಾಯಿ. ಅದರ ಬಾಯಿ ಕಟ್ಟಬಾರದು.

ಹೊಸದಾಗಿ ವೈರಿಂಗ್ ಮಾಡಿಸುವವರು ಆರ್‌ಸಿಸಿಬಿ ಹಾಕಿಸಿ. ಕರೆಂಟು ಮೈಗೆ ಹರಿದ ಕೂಡಲೇ ಅದು ತಾನೇ ಆರಿಸುತ್ತದೆ. ಅದರ ಮೇಲೆ ಒಂದು ಪರೀಕ್ಷೆಯ ಗುಂಡಿ ಇರುತ್ತದೆ. ಆಗಾಗ ಒತ್ತಿ ನೋಡಿ. ಕರೆಂಟು ಹೋದರೆ ಅದು ಸರಿಯಾಗಿದೆ ಅಂತ ಅರ್ಥ.

ಯಾರಿಗಾದರೂ ಕರೆಂಟು ಹೊಡೆದರೆ ಅವರನ್ನು ಮುಟ್ಟಬೇಡಿ. ಎಷ್ಟೇ ಕರುಳು ಕಿತ್ತು ಬಂದರೂ ಮುಟ್ಟಬೇಡಿ. ಮೊದಲು ಮೇನ್ ಆರಿಸಿ. ಅದು ಆಗದಿದ್ದರೆ ಒಣಗಿದ ಮರದ ಕೋಲಿನಿಂದ ವೈರನ್ನು ದೂರ ತಳ್ಳಿ. ಆಮೇಲೆ 108ಕ್ಕೆ ಫೋನು ಮಾಡಿ. ಬೀದಿಯಲ್ಲಿ ಲೈನು ಹರಿದು ಬಿದ್ದಿದ್ದರೆ ಹತ್ತಿರ ಹೋಗಬೇಡಿ, ಯಾರನ್ನೂ ಹೋಗಲು ಬಿಡಬೇಡಿ. 1912ಕ್ಕೆ ತಿಳಿಸಿ.

ಬಾಟಲಿಯಲ್ಲಿ ಏನಿದೆ?

ಮಗುವಿಗೆ ಬಾಯಾರಿಕೆ. ಮೂಲೆಯಲ್ಲಿ ಜ್ಯೂಸಿನ ಬಾಟಲಿ. ಮಗು ಎತ್ತಿ ಕುಡಿಯಿತು. ಬಾಟಲಿಯಲ್ಲಿ ಇದ್ದದ್ದು ಜ್ಯೂಸಲ್ಲ, ಆಸಿಡ್ಡು.

ಇದು ಮಗುವಿನ ತಪ್ಪಲ್ಲ. ಫಿನಾಯಿಲು, ಆಸಿಡ್ಡು, ಪೆಟ್ರೋಲು, ಸೀಮೆಎಣ್ಣೆ, ಹೊಲದ ಔಷಧಿ, ಇಲಿ ಪಾಷಾಣ. ಇವನ್ನು ಕುಡಿಯುವ ಬಾಟಲಿಗೆ ಎಂದೂ ತುಂಬಬೇಡಿ. ತಂದ ಡಬ್ಬದಲ್ಲೇ ಇಡಿ. ಅದರ ಮೇಲೆ ಹೆಸರು ಇರುತ್ತದೆ, ಎಚ್ಚರಿಕೆ ಇರುತ್ತದೆ. ನಾವು ಓದಬಹುದು. ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಬೀಗ ಹಾಕಿ ಇಡಿ. ಹೊಲದ ಔಷಧಿಯನ್ನು ಅಡಿಗೆ ಮನೆಗೆ ತರಲೇಬೇಡಿ. ಖಾಲಿ ಡಬ್ಬವನ್ನು ತೊಳೆದು ಕಾಳು ತುಂಬಬೇಡಿ.

ಕಕ್ಕಸು ತೊಳೆಯುವ ಆಸಿಡ್ಡನ್ನೂ ಬ್ಲೀಚಿಂಗ್ ಪೌಡರನ್ನೂ ಬೆರೆಸಬೇಡಿ. ಬೆರೆಸಿದರೆ ವಿಷದ ಗಾಳಿ ಏಳುತ್ತದೆ. ಉಸಿರು ಕಟ್ಟುತ್ತದೆ.

ಮಗು ಆಸಿಡ್ಡು, ಸೀಮೆಎಣ್ಣೆ ಕುಡಿದರೆ ವಾಂತಿ ಮಾಡಿಸಬೇಡಿ. ವಾಂತಿಯಾದರೆ ಗಂಟಲು ಮತ್ತೆ ಸುಡುತ್ತದೆ. ಎಣ್ಣೆ ಶ್ವಾಸಕೋಶಕ್ಕೆ ಹೋಗುತ್ತದೆ. ಬಾಟಲಿಯನ್ನೂ ಜೊತೆಗೆ ಹಿಡಿದು ಕೂಡಲೇ ಆಸ್ಪತ್ರೆಗೆ ಹೋಗಿ.

ಮಳೆಗಾಲಕ್ಕೆ ಮುಂಚೆ

ನಮ್ಮ ಹಿರಿಯರು ಮಳೆ ಬರುವ ಮುಂಚೆ ಹೆಂಚು ಕೈಯಾಡಿಸುತ್ತಿದ್ದರು. ಒಡೆದ ಹೆಂಚು ತೆಗೆದು ಹೊಸದು ಹಾಕುತ್ತಿದ್ದರು. ಇದು ಒಳ್ಳೆಯ ಪದ್ಧತಿ. ಸೋರುವ ನೀರು ಗೋಡೆಗೆ ಇಳಿಯುತ್ತದೆ. ಮಣ್ಣಿನ ಗೋಡೆ ನೆನೆದು ರಾತ್ರಿ ಹೊತ್ತು ಕುಸಿಯುತ್ತದೆ. ಮೇ ತಿಂಗಳಲ್ಲೇ ಗೋಡೆಯ ಸುತ್ತ ನಡೆದು ನೋಡಿ. ಬಿರುಕು ಅಗಲವಾಗಿದೆಯಾ? ಗೋಡೆ ಹೊರಕ್ಕೆ ವಾಲಿದೆಯಾ? ಬುಡದಲ್ಲಿ ಮಣ್ಣು ಕೊರೆದಿದೆಯಾ? ಹಾಗಿದ್ದರೆ ಆ ಗೋಡೆಯ ಪಕ್ಕ ಯಾರೂ ಮಲಗಬಾರದು. ಗ್ರಾಮ ಪಂಚಾಯಿತಿಗೆ ಅರ್ಜಿ ಬರೆಯಿರಿ. ಬರೆಯಲು ಈಗ ನಮಗೆ ಬರುತ್ತದೆ.

ಮಳೆ ನೀರು ಮನೆಯ ಬುಡದಲ್ಲಿ ನಿಲ್ಲಬಾರದು. ಕಾಲುವೆ ತೋಡಿ ದೂರ ಹರಿಸಿ. ಬಚ್ಚಲ ನೀರಿಗೆ ಇಂಗುಗುಂಡಿ ಮಾಡಿ.

ಸೌದೆ, ಹುಲ್ಲು, ಕಲ್ಲಿನ ರಾಶಿ ಗೋಡೆಗೆ ಒತ್ತಿ ಇರಬಾರದು. ರಾಶಿಯಲ್ಲಿ ಇಲಿ ಸೇರುತ್ತದೆ. ಇಲಿ ಹುಡುಕಿಕೊಂಡು ಹಾವು ಬರುತ್ತದೆ. ಕಾಳು ಚೆಲ್ಲಿದ್ದರೆ ಗುಡಿಸಿ. ಬಿಲ ಮುಚ್ಚಿ. ರಾತ್ರಿ ಹೊರಗೆ ಹೋಗುವಾಗ ಬ್ಯಾಟರಿ ಹಿಡಿಯಿರಿ. ನೆಲದ ಮೇಲೆ ಮಲಗುವವರು ಸೊಳ್ಳೆ ಪರದೆ ಕಟ್ಟಿ, ಅಂಚನ್ನು ಚಾಪೆಯ ಕೆಳಗೆ ಸೇರಿಸಿ. ಸೊಳ್ಳೆಯೂ ಬರುವುದಿಲ್ಲ, ಹಾವೂ ಬರುವುದಿಲ್ಲ. ಹಾವು ಕಚ್ಚಿದರೆ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಮಂತ್ರಕ್ಕೆ ಕಾಯಬೇಡಿ. ಕಚ್ಚಿದ ಕೈಕಾಲು ಅಲ್ಲಾಡಿಸದೆ ಆಸ್ಪತ್ರೆಗೆ ಸಾಗಿಸಿ. ಹಾವಿನ ವಿಷಕ್ಕೆ ಮದ್ದು ಇಂಜೆಕ್ಷನ್ನು, ಅದು ಇರುವುದು ಆಸ್ಪತ್ರೆಯಲ್ಲಿ.

ಇಷ್ಟೆಲ್ಲ ಯಾರು ಮಾಡಬೇಕು?

ಇದನ್ನೆಲ್ಲ ಓದಿದ ಮೇಲೆ ನಮ್ಮ ಗುಂಪಿನಲ್ಲಿ ಒಬ್ಬರು ಹೇಳಿದರು. "ಬೆಳಗ್ಗೆ ಐದಕ್ಕೆ ಎದ್ರೆ ರಾತ್ರಿ ಹತ್ತರವರೆಗೆ ಕೆಲಸ. ಇದು ಬೇರೆ ಸೇರಿತಾ?"

ನ್ಯಾಯವಾದ ಮಾತು. ಮನೆ ಹೆಂಗಸಿನದು ಮಾತ್ರ ಅಲ್ಲ. ಜ್ವರ ಬಂದರೆ ಎಲ್ಲರಿಗೂ ಬರುತ್ತದೆ. ಗೋಡೆ ಬಿದ್ದರೆ ಎಲ್ಲರ ಮೇಲೂ ಬೀಳುತ್ತದೆ. ಹಾಗಾದರೆ ಕೆಲಸವನ್ನೂ ಹಂಚಿಕೊಳ್ಳಬೇಕು. ಹೆಂಚು, ವೈರು ನೋಡುವುದು ಗಂಡಸರು ಮಾಡಲಿ. ಡ್ರಮ್ಮು ಉರುಳಿಸಿ ಉಜ್ಜುವುದನ್ನೂ ಅವರೇ ಮಾಡಲಿ. ಅಂಗಳದ ಚಿಪ್ಪು, ಟೈರು ಹುಡುಕುವುದು ಮಕ್ಕಳಿಗೆ ಆಟ. ಗಂಡು ಮಗುವೂ ಮಾಡಲಿ, ಹೆಣ್ಣು ಮಗುವೂ ಮಾಡಲಿ.

ಆಗ ನಮ್ಮ ಡ್ರಮ್ಮಿನ ಅಕ್ಕ ಎದ್ದು ಹೇಳಿದರು. "ನಾನು ಗೋಡೆ ಮೇಲೆ ಬರೆದಿದ್ದೀನಿ. ಯಾರ ಕೆಲಸ ಯಾವುದು ಅಂತ. ಬಾಯಲ್ಲಿ ಹೇಳಿದ್ರೆ ಮರೀತಾರೆ. ಬರೆದದ್ದನ್ನು ದಿನಾ ನೋಡ್ತಾರೆ. ಈಗ ಶುಕ್ರವಾರ ಡ್ರಮ್ಮು ಉಜ್ಜೋದು ಮನೆಯವರು. ಬ್ಯಾಟರಿ ಬಿಟ್ಟು ನೋಡೋದು ನನ್ನ ಮಗಳು."

ನಾವೂ ಬರೆಯೋಣ. ಸುಣ್ಣದ ಗೋಡೆಗೆ ಇದ್ದಿಲು ಸಾಕು.

ಗೋಡೆ ಮೇಲೆ ಬರೆಯೋಣ

ದಿನಾ: ಕೊಡ ತೊಳೆಯುವುದು. ಕುಡಿಯುವ ನೀರು ಕುದಿಸುವುದು. ಬೂದಿ ತೆಗೆಯುವುದು. ರಾತ್ರಿ ರೆಗ್ಯುಲೇಟರ್ ಮುಚ್ಚುವುದು.

ವಾರಕ್ಕೊಮ್ಮೆ: ಡ್ರಮ್ಮು, ತೊಟ್ಟಿ ಉಜ್ಜಿ ಒಣಗಿಸುವುದು. ಅಂಗಳದಲ್ಲಿ ನಿಂತ ನೀರು ಚೆಲ್ಲುವುದು. ಗ್ಯಾಸಿನ ಟ್ಯೂಬು ನೋಡುವುದು.

ತಿಂಗಳಿಗೊಮ್ಮೆ: ವೈರು, ಸ್ವಿಚ್ಚು ನೋಡುವುದು. ಹೊಗೆ ಕೊಳವೆಯ ಮಸಿ ತೆಗೆಯುವುದು.

ವರ್ಷಕ್ಕೊಮ್ಮೆ, ಮಳೆಗೆ ಮುಂಚೆ: ಹೆಂಚು, ಗೋಡೆ, ಕಾಲುವೆ ನೋಡುವುದು.

ನಂಬರುಗಳು: ಆಂಬುಲೆನ್ಸ್ 108. ಗ್ಯಾಸು ಸೋರಿಕೆ 1906. ಕರೆಂಟು 1912.

ಯೋಚಿಸಿ, ಮಾತಾಡಿ

1. ನಿಮ್ಮ ಮನೆಯ ಸಿಲಿಂಡರಿನ ಮೇಲೆ ಏನು ಬರೆದಿದೆ? ಓದಿಕೊಂಡು ಬನ್ನಿ.

2. ನಿಮ್ಮ ಕೇರಿಯಲ್ಲಿ ಬಟ್ಟೆ ಒಣಗಿಸಲು ಎಷ್ಟು ಮನೆಯವರು ಕಬ್ಬಿಣದ ತಂತಿ ಕಟ್ಟಿದ್ದಾರೆ? ಎಣಿಸಿ.

3. ನಿಮ್ಮ ಊರಿಗೆ ನೀರು ಯಾವ ದಿನ ಬರುತ್ತದೆ? ಊರಿಗೆಲ್ಲ ಒಂದೇ ಒಣ ದಿನ ಮಾಡಬಹುದೇ?